ರಾಯರ ಪಡಸಾಲೆಯ ರೈಲು

ನಮ್ಮ ಸೋದರಮಾವ ಕೊಟ್ರಬಸಪ್ಪನನ್ನು ಕಂಡವರೆಲ್ಲ ಪುಣ್ಯವಂತ ಎನ್ನುತ್ತಿದ್ದರು. ಬಿಸಿಲಿಲ್ಲ, ಮಳೆಯಿಲ್ಲ, ದೊಡ್ಡವರ ಮನೆಯ ತಣ್ಣನೆಯ ನೆಲದ ಮೇಲೆ ಕೂತು ಆಟಿಕೆ ರೈಲು ರಿಪೇರಿ ಮಾಡುವುದು, ಹೊತ್ತು ಹೊತ್ತಿಗೆ ಕಾಫಿ ಕುಡಿಯುವುದು. ಈ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಪುಣ್ಯವಂತನಂತೆ, ಪುಣ್ಯವಂತ! ಪಂಜರದ ಗಿಣಿಗೂ ಹೊತ್ತು ಹೊತ್ತಿಗೆ ಹಣ್ಣು ಇಡುತ್ತಾರಲ್ಲ, ಅದನ್ನು ಯಾರಾದರೂ ಪುಣ್ಯವಂತ ಅಂದದ್ದು ಕೇಳಿದ್ದೀರಾ? ಆ ವರ್ಷಗಳಲ್ಲಿ ಮಾವ ಉಂಡು ಮಲಗುತ್ತಿದ್ದದ್ದು ಶಿವಮೊಗ್ಗೆಯ ನನ್ನ ಮನೆಯಲ್ಲಿ. ಅವನ ಸಂಕಟ ನನಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಮಾವ ಮೊದಲು ಇದ್ದದ್ದು ಭದ್ರಾವತಿಯಲ್ಲಿ. ಹಳಬರ ಬಾಯಲ್ಲಿ ಅದು ಆಗ ಇನ್ನೂ ಬೆಂಕೀಪುರವೇ. ಕಾಡಿನಿಂದ ಕಾರ್ಖಾನೆಗೆ ಸೌದೆ ತರುವ ಟ್ರಾಮ್ ಲೈನಿನಲ್ಲಿ ಅವನಿಗೆ ಕೆಲಸ. ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗಕ್ಕೆ ಪಾಯಿಂಟು ಎನ್ನುತ್ತಾರೆ. ಅಲ್ಲಿ ಮೂತಿ ಚೂಪಾದ ಹಳಿಯ ತುಂಡೊಂದು ಇರುತ್ತದೆ, ಪಕ್ಕದ ಹಿಡಿ ಎಳೆದರೆ ಅದು ಆಚೆ ಈಚೆ ಸರಿದು ಗಾಡಿಗೆ ದಾರಿ ಬಿಡುತ್ತದೆ. ಆ ಚೂಪು ಹಳಿ ದೊಡ್ಡ ಹಳಿಗೆ ಒತ್ತಿಕೊಂಡು ಕೂರಬೇಕು. ನಡುವೆ ಕೂದಲೆಳೆಯ ಸಂದು ಉಳಿಯಿತೋ, ಮುಂದಿನ ಗಾಲಿ ಒಂದು ದಾರಿ, ಹಿಂದಿನ ಗಾಲಿ ಇನ್ನೊಂದು ದಾರಿ, ಗಾಡಿ ಪಲ್ಟಿ. ಈ ಪಾಯಿಂಟುಗಳನ್ನು ಸರಿ ಮಾಡುವುದೇ ಮಾವನ ಕೆಲಸ. ಅವನ ಹತ್ತಿರ ಒಂದು ಸುತ್ತಿಗೆಯಿತ್ತು. ಶಿವಮೊಗ್ಗೆಗೆ ಮೊದಲ ಸಲ ರೈಲು ದಾರಿ ಹಾಕಿದಾಗ ನನ್ನ ತಾತ ಹಿಡಿದಿದ್ದ ಸುತ್ತಿಗೆ ಅದು. ಮರದ ಕಾವು ಎಷ್ಟೋ ಸಲ ಬದಲಾಗಿತ್ತು, ತಲೆ ಮಾತ್ರ ಅದೇ. ಹೆಂಡತಿಯನ್ನಾದರೂ ಎರಡು ದಿನ ಬಿಟ್ಟಿದ್ದಾನು, ಸುತ್ತಿಗೆಯನ್ನು ಬಿಟ್ಟವನಲ್ಲ. ಕಾಡಿನ ಲೈನಿನ ಮೇಲೆ ಸಿಳ್ಳೆ ಹಾಕಿಕೊಂಡು ನಡೆದು ಬರುತ್ತಿದ್ದರೆ ಹಳಿ ರಿಪೇರಿಯ ಗ್ಯಾಂಗಿನ ತಮಿಳರು, ತೆಲುಗರೆಲ್ಲ ದೂರದಿಂದಲೇ ಗುರುತು ಹಿಡಿಯುತ್ತಿದ್ದರು.

ಆ ಲೈನಿನ ರಿಪೇರಿಯನ್ನು ಗುತ್ತಿಗೆ ಹಿಡಿದವರು ಯಜ್ಞನಾರಾಯಣ ರಾಯರು. ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ಅವರ ಮನೆ, ನಮ್ಮ ಮನೆಯಿಂದ ಒಂದು ಕೂಗಿನಷ್ಟು ದೂರ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಮ್ಮೆ ಮದ್ರಾಸಿಗೆ ಹೋದವರು ಕೀಲಿ ಕೊಟ್ಟರೆ ಓಡುವ ಜರ್ಮನಿಯ ತಗಡಿನ ರೈಲು ತಂದರು. ಪಡಸಾಲೆಯ ತುಂಬ ಗೇಣೆತ್ತರದ ಹಲಗೆ ಹಾಸಿ, ಅದರ ಮೇಲೆ ಹಳಿ, ಸ್ಟೇಷನ್ನು, ಸೇತುವೆ ಎಲ್ಲ ಜೋಡಿಸಿದರು. ಹಳಿಯೂ ತಗಡು, ಪಾಯಿಂಟೂ ತಗಡು. ಮಳೆಗಾಲ ಬಂದು ಹಲಗೆ ಉಬ್ಬಿದ್ದೇ ತಡ, ಗಾಡಿ ಹೆಜ್ಜೆಹೆಜ್ಜೆಗೆ ಬೀಳತೊಡಗಿತು. ರಾಯರು ಗ್ಯಾಂಗಿನ ಮೇಸ್ತ್ರಿ ಭೈರಪ್ಪನಿಗೆ, ನಿಮ್ಮ ಕೊಟ್ರಬಸಪ್ಪನನ್ನು ಒಂದು ವಾರದ ಮಟ್ಟಿಗೆ ಕಳಿಸು ಎಂದು ಹೇಳಿಕಳಿಸಿದರು. ಮಾವ ಒಂದು ಜೊತೆ ಬಟ್ಟೆ ತೆಗೆದುಕೊಂಡು ನನ್ನ ಮನೆಗೆ ಬಂದಿಳಿದ.

ಆ ವಾರದಲ್ಲೇ ಆಯುಧಪೂಜೆ ಬಂತು ನೋಡಿ, ಅಲ್ಲಿ ಕೆಟ್ಟಿತು.

ಪ್ರತಿವರ್ಷ ಗ್ಯಾಂಗಿನವರೆಲ್ಲ ತಮ್ಮ ಸಲಕರಣೆಗಳನ್ನು ರಾಯರ ಮನೆಗೆ ತಂದು ಪೂಜೆಗೆ ಇಡುತ್ತಿದ್ದರು. ಪೂಜೆಗೆ ಇಟ್ಟ ಆಯುಧವನ್ನು ಆವತ್ತು ಯಾರೂ ಎತ್ತುವ ಹಾಗಿಲ್ಲ. ಮಾರನೆಯ ದಿನವೇ ಕೈ ಹಾಕಬೇಕು. ಪೂಜೆ ಮುಗಿದು ಬೂದುಗುಂಬಳ ಒಡೆದ ಮೇಲೆ ರಾಯರು ಕುಂಕುಮ ಹಚ್ಚಿದ ಆಟಿಕೆ ಇಂಜಿನ್ನಿಗೆ ಕೀಲಿ ಕೊಟ್ಟು ಬಿಟ್ಟರು. ಎಲ್ಲ ಪಾಯಿಂಟು ದಾಟಿದ ಗಾಡಿ ಕೊನೆಯದರಲ್ಲಿ ಮಗುಚಿಕೊಂಡಿತು. ರಾಯರ ಸ್ನೇಹಿತರಾದ ವಕೀಲ ಉಮಾಮಹೇಶ್ವರರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಯ್ಯಾ ಕೊಟ್ರಬಸಪ್ಪ, ಕಾಡಲ್ಲಿ ಸೌದೆ ರೈಲು ಓಡ್ಸೋ ಗಂಡು ನೀನು! ಅಂಗೈಯಗಲದ ಗಾಡಿ ನಿನ್ನ ಮಾತು ಕೇಳ್ಲಿಲ್ವಲ್ಲೋ?"

ನಮ್ಮ ಮನೆತನಕ್ಕೆ ಸಿಟ್ಟು ಮೂಗಿನ ತುದಿಯಲ್ಲಿ. ಮಾವ ಸೀದಾ ಹೋಗಿ ಪೂಜೆಯಲ್ಲಿದ್ದ ಸುತ್ತಿಗೆಯ ಮೇಲೆ ಅಂಗೈ ಇಟ್ಟ. "ಈ ಗಾಡಿ ಎಲ್ಲಾ ಪಾಯಿಂಟೂ ದಾಟಿ ಒಂದು ಸುತ್ತು ಬೀಳ್ದೆ ಬರೋವರ್ಗೂ ನಾನು ಲೈನಿಗೆ ಕಾಲಿಡಲ್ಲ. ನಮ್ಮಪ್ಪನ ಸುತ್ತಿಗೆ ಆಣೆ!"

ನಾಳೆ ಬೆಳಿಗ್ಗೆ ಇಕ್ಕಳ ಹಿಡಿದರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ ಎಂದು ಅವನ ಲೆಕ್ಕ. ಆದರೆ ಮೇಸ್ತ್ರಿ ಭೈರಪ್ಪ ಹಣೆ ಚಚ್ಚಿಕೊಂಡ.

"ಅಯ್ಯೋ ಮುಂಡೇದೆ, ಎಂಥ ಮಾತಾಡ್ಬಿಟ್ಯೋ! ಪೂಜೇಲಿ ಕೂತಿರೋ ಆಯುಧ ಮುಟ್ಟಿ ಆಣೆ ಇಡ್ತಾರೇನೋ? ಆಯುಧದ ಮುಂದೆ ಆಡಿದ್ದು ಆಯುಧದ ಮುಂದೇನೇ ತೀರ್ಬೇಕು. ಇನ್ನು ಬರೋ ವರ್ಷ ಇದೇ ಪೂಜೆ ದಿನ, ಒಂದೇ ಸಲ. ಬಿದ್ರೆ ಮತ್ತೆ ಮುಂದಿನ ವರ್ಷ."

ಗ್ಯಾಂಗಿನವರೆಲ್ಲ ತಲೆಯಾಡಿಸಿದರು. ಹಿಂದೆ ಒಬ್ಬ ಇಂಥದೇ ಆಣೆ ಮುರಿದು, ಮರುವಾರವೇ ಹಳಿ ಕಾಲ ಮೇಲೆ ಬಿದ್ದು ಕುಂಟನಾದ ಕಥೆ ಅವರಿಗೆಲ್ಲ ಬಾಯಿಪಾಠ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಸುಮ್ಮನೆ ಹೇಳಿದ್ದಾರೆಯೇ? ರಾಯರು ಮಾತ್ರ ಬೇಸರ ಪಟ್ಟುಕೊಳ್ಳಲಿಲ್ಲ. "ಹೋಗ್ಲಿ ಬಿಡು ಕೊಟ್ರಬಸಪ್ಪ, ಒಂದು ವರ್ಷ ತಾನೆ? ದಿನಾ ನಮ್ಮನೇಗೆ ಬಂದು ಪಾಯಿಂಟು ನೋಡ್ಕೋ" ಎಂದರು.

ಇನ್ನೊಂದು ತಾಪತ್ರಯ ಮಾವನಿಗೆ ಭದ್ರಾವತಿಗೆ ಹೋದಾಗಲೇ ಹೊಳೆದದ್ದು. ಗ್ಯಾಂಗಿನವರ ಮನೆಗಳು ಇದ್ದದ್ದು ಲೈನಿನ ಆಚೆ ಬದಿ. ಲೈನಿಗೆ ಕಾಲಿಡದೆ ಮನೆಗೆ ಹೋಗುವ ದಾರಿಯೇ ಇಲ್ಲ! ಅತ್ತೆ ಮಾಸ್ತಮ್ಮ ಶಿವಮೊಗ್ಗೆಗೆ ಬಂದಿರಬಹುದಿತ್ತು. ಆದರೆ ಬಿಟ್ಟ ಮನೆಗೆ ಮಾರನೆಯ ದಿನವೇ ಇನ್ನೊಬ್ಬರು ಬರುತ್ತಾರೆ, ಮೇಲಾಗಿ ಹಸುವೊಂದಿತ್ತು, ಎಲ್ಲಕ್ಕಿಂತ ಮೇಲಾಗಿ ಅತ್ತೆಗೆ ಹಟವಿತ್ತು. "ನಾನ್ಯಾಕೆ ಮನೆ ಬಿಡ್ಲಿ? ಆಣೆ ಇಟ್ಟೋನು ನೀನು, ನಾನಲ್ಲ" ಎಂದುಬಿಟ್ಟಳು. ಹಾಗಾಗಿ ಭಾನುವಾರ ಬಂತೆಂದರೆ ಮಾವ ರೈಲು ಹತ್ತಿ ಭದ್ರಾವತಿಗೆ ಹೋಗಿ ಲೈನಿನ ಈಚೆ ಹುಣಸೆಮರದ ಕೆಳಗೆ ನಿಲ್ಲುವುದು, ಅತ್ತೆ ರೊಟ್ಟಿ ಗಂಟು ಹಿಡಿದುಕೊಂಡು ಲೈನು ದಾಟಿ ಬರುವುದು. ಮದುವೆಯಾಗಿ ಇಷ್ಟು ಕಾಲವಾದ ಗಂಡಹೆಂಡತಿ ಮರದ ಬುಡದಲ್ಲಿ ಕೂತು ರೊಟ್ಟಿ ತಿನ್ನುವುದನ್ನು ನೋಡಿ ಗ್ಯಾಂಗಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅಲ್ಲಿ ನಿಂತರೆ ಮಾವನಿಗೆ ತನ್ನ ಮನೆಯ ಹೆಂಚು ಕಾಣುತ್ತಿತ್ತು. ಹೊರಡುವಾಗ ಅವನು "ಬರ್ತೀನಿ ಕಣೆ" ಎನ್ನಬೇಕು. ತಪ್ಪಿ ಹೋಗ್ತೀನಿ ಅಂದರೆ ಅತ್ತೆ ಸುಮ್ಮನೆ ಬಿಡುತ್ತಿರಲಿಲ್ಲ. ಹೋಗ್ತೀನಿ ಅನ್ನೋದು ಹೆಣ ಹೊರೋರ ಮಾತು, ಮನುಷ್ಯರು ಬರ್ತೀನಿ ಅನ್ಬೇಕು ಎಂದು ಬೈಯುತ್ತಿದ್ದಳು.

ಮಾವ ಆ ವರ್ಷ ಕೊನೆಯ ಪಾಯಿಂಟನ್ನು ಪೂರ್ತಿ ಕಿತ್ತು ಹೊಸದು ಹಾಕಿದ. ತಗಡಿನ ಚೂಪು ಹಳಿ ಬಾಗುತ್ತದೆಂದು ಹಳೆಯ ಕೊಡೆಯ ಕಡ್ಡಿ ತಂದು, ಕಾಯಿಸಿ, ಬಡಿದು, ಅರ ಹಾಕಿ ತಿಕ್ಕಿ ಮೂತಿ ಮಾಡಿದ. ಕೆಳಗಿನ ಹಲಗೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ ಎಂದು ಆ ಜಾಗದಲ್ಲಿ ಹಲಗೆಯನ್ನೇ ಕೊರೆದು ಹಿತ್ತಾಳೆಯ ತುಂಡು ಕೂರಿಸಿದ. ದಿನವೂ ಗಾಡಿ ಓಡಿತು. ಬೆಳಿಗ್ಗೆ ಓಡಿತು, ಸಂಜೆ ಓಡಿತು, ಬೀಳಲಿಲ್ಲ. ಆಯುಧಪೂಜೆ ಬಂತು, ಎಲ್ಲರೂ ಸುತ್ತ ಸೇರಿದರು, ರಾಯರು ಕೀಲಿ ಕೊಟ್ಟರು. ಕೊನೆಯ ಪಾಯಿಂಟಿನಲ್ಲಿ ಗಾಡಿ ಬಿತ್ತು.

ಮರುವರ್ಷಕ್ಕೆ ಗಡಿಯಾರದ ಸ್ಪ್ರಿಂಗು ಕತ್ತರಿಸಿ ಹಾಕಿದ, ಮತ್ತೆ ಬಿತ್ತು. ರಾಯರು ಪಾಪ, ಮದ್ರಾಸಿನಿಂದ ಹೊಸ ಪಾಯಿಂಟನ್ನೇ ತರಿಸಿಕೊಟ್ಟರು. ಅದೂ ವರ್ಷವೆಲ್ಲ ಸರಿಯಿದ್ದು ಆವತ್ತೇ ಕೈಕೊಟ್ಟಿತು. ಬೀಳುವುದು ಯಾವಾಗಲೂ ಕೊನೆಯದೇ, ರಾಯರ ಆರಾಮಕುರ್ಚಿಯ ಪಕ್ಕದ್ದು. ಮಾವನಿಗೆ ಭಯ ಹಿಡಿಯಿತು. "ನಮ್ಮಪ್ಪನಿಗೆ ಸಿಟ್ಟು ಬಂದೈತೆ ಕಣವ್ವ ಹಾಲಮ್ಮ. ಅವನ ಸುತ್ತಿಗೆ ಹಿಡ್ಕೊಂಡು ಆಟದ ಗಾಡಿಗೆ ಆಣೆ ಇಟ್ನಲ್ಲ" ಎಂದು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಂಡ. ಗಂಡಸು ಅಳುವುದನ್ನು ನೋಡುವುದು ನನಗಾಗದು, ತಟ್ಟೆ ಇಟ್ಟು ಅನ್ನ ಬಡಿಸಿದೆ.

ರಾಯರು ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಒಂದು ದಿನ ಗದರಿದವರಲ್ಲ. ಇಬ್ಬರೂ ಹಲಗೆಯ ಆಚೆ ಈಚೆ ಕೂತು ಆಡುತ್ತಿದ್ದರು. ರಾಯರು ಬಾಯಲ್ಲೇ ಗಂಟೆ ಬಾರಿಸಿ, "ಕೊಟ್ರಬಸಪ್ಪ, ಬೀರೂರು ಪ್ಯಾಸೆಂಜರ್ ಬಿಡ್ತಾ ಇದ್ದೀನಿ, ದಾರಿ ಕೊಡಪ್ಪ" ಎನ್ನುವುದು, ಇವನು ಹಿಡಿ ಎಳೆಯುವುದು. ಜ್ವರ ಬಂದರೆ ರಾಯರೇ ಕಷಾಯ ಮಾಡಿಸಿ ಕಳಿಸುತ್ತಿದ್ದರು. "ನೀನು ಹೋದ್ರೆ ಈ ಮನೇಲಿ ನನ್ನ ಹತ್ರ ಮಾತಾಡೋರು ಯಾರೋ?" ಎಂದು ಒಮ್ಮೆ ನಗುನಗುತ್ತಾ ಅಂದಿದ್ದರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮಾವನ ಮಂಡಿ ಹಿಡಿದುಕೊಂಡಿತು, ಬೆನ್ನು ಬಾಗಿತು, ಸಿಳ್ಳೆ ನಿಂತೇಹೋಯಿತು. ಸಂಜೆ ಸ್ಟೇಷನ್ನಿನ ಬೇಲಿಯ ಹೊರಗೆ ನಿಂತು ನಿಜವಾದ ಗಾಡಿ ನಿಜವಾದ ಪಾಯಿಂಟು ದಾಟುವುದನ್ನು ನೋಡಿಕೊಂಡು ಬರುತ್ತಿದ್ದ. "ಮೈಯೆಲ್ಲಾ ತುಕ್ಕು ಹಿಡೀತಾ ಐತೆ" ಎನ್ನುತ್ತಿದ್ದ. ಕೇಳಿದವರು ಮಾತ್ರ, ನೆರಳಲ್ಲಿ ಕೂತವನಿಗೆ ಎಂಥ ಕಷ್ಟ ಮಾರಾಯ ಎಂದು ನಕ್ಕುಬಿಡುತ್ತಿದ್ದರು.

ಯುರೋಪಿನಲ್ಲಿ ಯುದ್ಧ ಶುರುವಾದ ವರ್ಷದ ಆಯುಧಪೂಜೆಗೆ ನಾನೂ ಹೋಗಿದ್ದೆ. ಒಳಬಾಗಿಲ ಹತ್ತಿರ ನಿಂತಿದ್ದೆ. ಎಲ್ಲರ ಕಣ್ಣೂ ಓಡುವ ಗಾಡಿಯ ಮೇಲೆ. ನನಗೆ ಆ ಹಾಳು ಗಾಡಿಯನ್ನು ನೋಡಲು ಮನಸ್ಸಿಲ್ಲದೆ ರಾಯರನ್ನೇ ನೋಡುತ್ತಿದ್ದೆ. ಅವರೂ ಗಾಡಿಯನ್ನು ನೋಡುತ್ತಿರಲಿಲ್ಲ. ಗಾಡಿ ಸೇತುವೆ ದಾಟಿ ಹತ್ತಿರ ಬರುತ್ತಿದ್ದಂತೆ ಬಿಳೀ ಕಾಲುಚೀಲ ಹಾಕಿದ ಅವರ ಬಲಗಾಲು ಮೆಲ್ಲಗೆ ಮುಂದೆ ಸರಿಯಿತು. ಹೆಬ್ಬೆರಳು ಪಾಯಿಂಟಿನ ಹಿಡಿಯನ್ನು ಒಂದಿಷ್ಟೇ ಇಷ್ಟು ಒತ್ತಿತು. ಗಾಡಿ ಬಿತ್ತು. ರಾಯರೇ ಎಲ್ಲರಿಗಿಂತ ಮೊದಲು "ಅಯ್ಯೋ ಪಾಪ!" ಎಂದರು.

ಥೂ! ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಮನೆಗೆ ಬರುತ್ತಾ ದಾರಿಯಲ್ಲೇ ಮಾವನಿಗೆ ಹೇಳಿದೆ. ಅವನು ನಿಂತ. ಮುಖ ಕಪ್ಪಿಟ್ಟಿತು. ರಾಯರ ಮೇಲೆ ಸಿಟ್ಟಾಗುತ್ತಾನೆಂದು ನಾನು ಕಾದರೆ, ಅವನು ಸಿಟ್ಟಾದದ್ದು ನನ್ನ ಮೇಲೆ.

"ಬಾಯಿ ಮುಚ್ಚು. ನಮ್ಗೂ ಗ್ಯಾಂಗಿಗೂ ಅನ್ನ ಹಾಕೋರು ಅವ್ರು. ಅಂಥವ್ರ ಮೇಲೆ ಹಿಂಗೆಲ್ಲಾ ಆಡಿದ್ರೆ ನಾಲ್ಗೆ ಬಿದ್ದೋಗುತ್ತೆ."

"ನನ್ನ ಕಣ್ಣಾರೆ ನೋಡಿದೀನಿ ಮಾವ!"

"ನೋಡಿಲ್ಲ ನೀನು."

ಅಷ್ಟೇ. ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟ, ಆ ವಿಷಯ ಮತ್ತೆ ಎತ್ತಲೂ ಬಿಡಲಿಲ್ಲ. ನಾನೂ ಹಾಳಾಗಿ ಹೋಗು ಅಂದುಕೊಂಡೆ. ಯಾರಿಗೆ ಹೇಳುವುದು? ಹೇಳಿದರೂ ರಾಯರ ಕಾಲಿಗೆ ಮೇಸ್ತ್ರಿಯೂ ವಕೀಲರೂ ಸೇರಿ ಪಂಚಾಯಿತಿ ಮಾಡುತ್ತಾರೆಯೇ?

ಅದರ ಮರುವರ್ಷ ಶ್ರಾವಣದಲ್ಲಿ ಭದ್ರಾವತಿಯಿಂದ ಪುಟ್ಟಪ್ಪ ಬಂದ. ಗ್ಯಾಂಗಿನಲ್ಲಿ ಮಾವನ ಜೀವದ ಗೆಳೆಯ. ಜಗಲಿ ಮೇಲೆ ಕೂತವನೇ ಹೇಳಿದ. "ಭೈರಪ್ಪಂಗೆ ಕಣ್ಣು ಮಂಜಾಗೈತೆ, ದಸರಾ ಆದ್ಮೇಲೆ ಕೆಲ್ಸ ಬಿಡ್ತಾನೆ. ಮೇಸ್ತ್ರಿ ಜಾಗ ನಿಂದೇ, ಎಲ್ರೂ ಒಪ್ಪಿದಾರೆ. ಈ ಸಲಾನೂ ಬರ್ಲಿಲ್ಲ ಅಂದ್ರೆ ಹೊರ್ಗಿನಿಂದ ಯಾರನ್ನೋ ಕರ್ಕೊಂಡು ಬರ್ತಾರಂತೆ ಮಾರಾಯ. ಅವ್ನಿಗೆ ಮನೆ ಬೇಕಲ್ಲ, ನಿಮ್ಮನೇನೇ ಬಿಡಿಸ್ತಾರೆ. ಮಾಸ್ತಮ್ಮಕ್ಕ ಹಸು ಹೊಡ್ಕೊಂಡು ಬೀದಿಗೆ ಬರ್ಬೇಕಾಗುತ್ತೆ, ನೋಡ್ಕೋ."

ಮಾವ ಆವತ್ತೇ ರಾಯರ ಹತ್ತಿರ ಹೋಗಿ ಕೈಮುಗಿದನಂತೆ. ನನ್ನ ಆಣೆ ಬಿಡಿಸಿಕೊಡಿ ಸ್ವಾಮಿ, ಏನಾದರೂ ತಪ್ಪುಕಾಣಿಕೆ ಹಾಕಿಸಿ ಎಂದು ಕೇಳಿದನಂತೆ. "ನನ್ನ ಕೈಯಲ್ಲೇನಿದೆಯೋ? ದೇವರ ಮುಂದೆ ನೀನಾಗಿ ಆಡಿದ ಮಾತು" ಎಂದರಂತೆ ರಾಯರು. ನಿಜವೇ, ಕೈಯಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಕಾಲಲ್ಲಿ!

ಆ ಸಲದ ದಸರಾ ಹತ್ತಿರ ಬಂದರೂ ಮಾವ ಕೊನೆಯ ಪಾಯಿಂಟಿಗೆ ಕೈ ಹಚ್ಚಲಿಲ್ಲ. ಉಳಿದವುಗಳನ್ನೆಲ್ಲ ಬಿಚ್ಚಿ ತಿಕ್ಕಿ ಎಣ್ಣೆ ಹಾಕಿದ, ಸವೆದ ಒಂದೆರಡನ್ನು ಬದಲಾಯಿಸಿದ. "ಕೊನೇದು ನೋಡಲ್ವಾ ಮಾವ?" ಎಂದೆ. "ಅದು ಸರಿಯಾಗೇ ಐತೆ" ಎಂದು ಅಂಗಿಯ ಗುಂಡಿ ಹಾಕಿಕೊಂಡು ಹೊರಟ. ಇವನಿಗೆ ಬೇಸರ ಬಂದು ಕೈಚೆಲ್ಲಿದ್ದಾನೆ, ಇನ್ನು ಈ ಜನ್ಮಕ್ಕೆ ಬಿಡುಗಡೆಯಿಲ್ಲ ಎಂದುಕೊಂಡೆ.

ಆಯುಧಪೂಜೆಯ ದಿನ ಅತ್ತೆ ಮಾಸ್ತಮ್ಮನೂ ಬಂದಳು. ಮನೆ ಉಳಿಯುತ್ತದೋ ಹೋಗುತ್ತದೋ ಕಣ್ಣಾರೆ ನೋಡಬೇಕು ಎಂದು ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದಳು. ನಾವಿಬ್ಬರೂ ಒಳಬಾಗಿಲಲ್ಲಿ ನಿಂತೆವು. ತಾತನ ಸುತ್ತಿಗೆ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ದೇವಿಯ ಪಟದ ಮುಂದೆ ಕೂತಿತ್ತು. ಕುಂಬಳಕಾಯಿ ಒಡೆದದ್ದಾಯಿತು. ಭೈರಪ್ಪ, ಪುಟ್ಟಪ್ಪ, ವಕೀಲರು, ಎಲ್ಲರೂ ಹಲಗೆಯ ಸುತ್ತ ಸೇರಿದರು. ರಾಯರು ಕೀಲಿ ಕೊಟ್ಟು ಗಾಡಿ ಬಿಟ್ಟು, ಕೊನೆಯ ಪಾಯಿಂಟಿನ ಪಕ್ಕದ ಆರಾಮಕುರ್ಚಿಯಲ್ಲಿ ಒರಗಿಕೊಂಡರು. ಬಿಳೀ ಕಾಲುಚೀಲದ ಕಾಲು ಹಲಗೆಯ ಅಂಚಿಗೇ ಇತ್ತು.

ಗಾಡಿ ಒಂದೊಂದೇ ಪಾಯಿಂಟು ದಾಟಿತು. ಸ್ಟೇಷನ್ನು ದಾಟಿತು. ಅತ್ತೆ ನನ್ನ ಮುಂಗೈ ಹಿಡಿದುಕೊಂಡಳು, ಬಳೆ ಒತ್ತಿ ಗುರುತು ಬಿತ್ತು. ಗಾಡಿ ಸೇತುವೆಗೆ ಬಂದಾಗ ಮಾವ ಎದ್ದ. ಟವೆಲು ತೆಗೆದು ಸೊಂಟಕ್ಕೆ ಸುತ್ತಿಕೊಂಡು ಸೀದಾ ರಾಯರ ಮುಂದೆ ಹೋದ.

"ಸ್ವಾಮಿ, ಆಶೀರ್ವಾದ ಮಾಡಿ" ಎಂದವನೇ ಬಗ್ಗಿ ರಾಯರ ಪಾದ ಹಿಡಿದುಕೊಂಡ.

ಹಬ್ಬದ ದಿನ ಆಳುಮಗ ಧಣಿಯ ಕಾಲಿಗೆ ಬೀಳುವುದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ಪಾಪ, ಎಷ್ಟು ಭಕ್ತಿ ಎಂದು ಯಾರೋ ಅಂದರು. ನನಗೆ ಮಾತ್ರ ಅವನ ಕೈಗಳು ಕಾಣುತ್ತಿದ್ದವು. ಅದು ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹಿಡಿತವಲ್ಲ. ಹಳಿ ಎತ್ತುವಾಗಿನ ಹಿಡಿತ ಅದು. ಗೆಣ್ಣುಗಳು ಬೆಳ್ಳಗಾಗಿದ್ದವು. ರಾಯರು ಕಾಲೆಳೆದುಕೊಳ್ಳಲು ನೋಡಿದರು, ಆಗಲಿಲ್ಲ. "ಏಳು, ಏಳಪ್ಪ, ಸಾಕು" ಎಂದರು. ಮಾವ ತಲೆ ಎತ್ತಲಿಲ್ಲ, ಕೈ ಬಿಡಲಿಲ್ಲ. ಗಾಡಿ ಅವನ ಕಿವಿಯ ಪಕ್ಕದಲ್ಲೇ ಕೊನೆಯ ಪಾಯಿಂಟಿಗೆ ಬಂತು, ಟಕ್ ಎಂದು ದಾಟಿತು, ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬಂದು ಕೀಲಿ ತೀರಿ ನಿಂತಿತು.

ಗ್ಯಾಂಗಿನವರು ಕೂಗಿದ ಕೂಗಿಗೆ ಬೀದಿಯ ಜನ ಒಳಗೆ ಇಣುಕಿದರು. ಭೈರಪ್ಪ, "ಆಣೆ ತೀರ್ತು ಕಣೋ, ತೀರ್ತು!" ಎಂದು ಕುಣಿದೇಬಿಟ್ಟ. ಆಮೇಲೆ ಮಾವ ಕೈ ಸಡಿಲಿಸಿ ತಲೆ ಎತ್ತಿದ. ಅವನೂ ರಾಯರೂ ಒಬ್ಬರನ್ನೊಬ್ಬರು ನೋಡಿದರು. ಮಾವ ಇಷ್ಟು ದಿನವೂ ನನ್ನ ಮಾತನ್ನು ನಂಬಿದ್ದ ಎಂದು ನನಗೆ ತಿಳಿದದ್ದು ಆಗಲೇ. ರಾಯರ ಕಣ್ಣಲ್ಲಿ ನೀರಿತ್ತು. ಕಾಲು ಹಿಡಿದವರಿಗೆ ಆಶೀರ್ವಾದ ಮಾಡದೆ ಇರಲಾಗುತ್ತದೆಯೇ? ಅವನ ತಲೆಯ ಮೇಲೆ ಕೈಯಿಟ್ಟು, "ಒಳ್ಳೇದಾಗ್ಲಿ" ಎಂದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಒಂದೇ ಗಳಿಗೆ.

ಯಾಕೆಂದರೆ ಮಾವ ಬಾಗಿಲಿಗೆ ಹೋಗುವಷ್ಟರಲ್ಲಿ ಅವರು ಮತ್ತೆ ಕರೆದರು.

"ಕೊಟ್ರಬಸಪ್ಪ, ನಿನ್ನ ಸುತ್ತಿಗೆ ಪೂಜೇಲಿದೆ, ಇವತ್ತು ಎತ್ತೋ ಹಾಗಿಲ್ಲ. ನಾಳೆ ಬಂದು ತಗೊಂಡು ಹೋಗು. ಹಂಗೇ ಆ ಸೇತುವೆ ಪಾಯಿಂಟು ಒಂಚೂರು ಸಡಿಲ ಆಗಿದೆ, ನೋಡ್ಬಿಡು."

ಮಾವ ತಿರುಗಿ ಸುತ್ತಿಗೆಯನ್ನು ನೋಡಿದ. ಅವನ ಕೈ ಒಂದು ಸಲ ಮುಂದೆ ಬಂದು ಹಾಗೇ ಹಿಂದೆ ಹೋಯಿತು.

"ಇರ್ಲಿ ಬಿಡಿ ಸ್ವಾಮಿ" ಎಂದ. "ನಾನು ಹೋಗ್ತೀನಿ."

ಅತ್ತೆಯ ಕಡೆ ನೋಡಿದೆ, ಈಗ ಬೈಯುತ್ತಾಳೆಂದು. ಅವಳು ಸೆರಗು ಹೊದ್ದುಕೊಂಡು ಗಂಡನ ಹಿಂದೆ ಮೆಟ್ಟಿಲಿಳಿದಳು.

ಸಂಜೆಯ ಗಾಡಿಗೆ ನಾನೂ ಅವರ ಜೊತೆ ಭದ್ರಾವತಿಗೆ ಹೋದೆ. ಹುಣಸೆಮರದ ಹತ್ತಿರ ಮಾವನ ಕಾಲು ಅಭ್ಯಾಸದಿಂದ ತಾನಾಗಿಯೇ ನಿಂತಿತು. ಅತ್ತೆ ಲೈನು ದಾಟಿ ಆಚೆ ಹೋಗಿ, ತಿರುಗಿ, "ಬಾ, ಹಸು ಹಾಲು ಕರೀಬೇಕು" ಎಂದಳು. ಮಾವ ಒಂದು ಕಾಲು ಹಳಿಯ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ದಾಟಿದ.

ಮೇಸ್ತ್ರಿಯಾಗಿ ಅವನು ಆ ಲೈನಿನಲ್ಲಿ ಬಹಳ ಕಾಲ ದುಡಿದ. ಆಯುಧಪೂಜೆಗೆ ಮಾತ್ರ ಗ್ಯಾಂಗಿನವರನ್ನು ಪುಟ್ಟಪ್ಪನ ಜೊತೆ ಕಳಿಸಿ ತಾನು ಲೈನಿನಲ್ಲೇ ಉಳಿಯುತ್ತಿದ್ದ. ಸುತ್ತಿಗೆ ಇಲ್ಲೇ ಇದೆ, ಬಂದು ತೆಗೆದುಕೊಂಡು ಹೋಗಲಿ ಎಂದು ರಾಯರು ಸಿಕ್ಕಸಿಕ್ಕವರ ಕೈಯಲ್ಲಿ ಹೇಳಿಕಳಿಸುತ್ತಿದ್ದರು. ಸುತ್ತಿಗೆಯನ್ನೇ ಕಳಿಸಿಕೊಡಬಹುದಿತ್ತು, ಒಂದು ಸಲವೂ ಕಳಿಸಲಿಲ್ಲ. ನಾನು ಹೋಗಿ ತರ್ತೀನಿ ಮಾವ, ತಾತನದು ಅಲ್ವಾ ಎಂದರೂ ಅವನು ಬೇಡವೆಂದ. ಗ್ಯಾಂಗಿನ ಬೇರೆ ಸುತ್ತಿಗೆ ಹಿಡಿದೇ ಕೊನೆಯವರೆಗೂ ಕೆಲಸ ಮಾಡಿದ.